ಮುಂದಿನ ಪುಸ್ತಕ ಎಲ್ಲಿಂದ ಬರುತ್ತದೆ?

ಒಂದು ಒಳ್ಳೆಯ ಪುಸ್ತಕ ಓದಿ ಮುಗಿಸಿದ ಮೇಲೆ ಒಂದೆರಡು ದಿನ ನನಗೆ ಬೇರೇನೂ ರುಚಿಸುವುದಿಲ್ಲ. ಓದಬೇಕು ಅಂತ ತಂದಿಟ್ಟುಕೊಂಡ ಪುಸ್ತಕಗಳೇನೋ ಸಾಲಾಗಿ ಕೂತಿರುತ್ತವೆ. ಒಂದನ್ನು ತೆಗೆಯುತ್ತೇನೆ, ಮೂರು ಪುಟ ಓದುತ್ತೇನೆ, ವಾಪಸ್ ಇಡುತ್ತೇನೆ. ಇನ್ನೊಂದನ್ನು ತೆಗೆಯುತ್ತೇನೆ, ಅದೂ ಅಷ್ಟೇ. ಅಷ್ಟರಲ್ಲಿ ಫೋನು ಕೈಗೆ ಬಂದಿರುತ್ತದೆ, ಗಂಟೆ ಹನ್ನೊಂದಾಗಿರುತ್ತದೆ. ಓದುವ ಚಟ ಇರುವವರಿಗೆಲ್ಲ ಈ ಪಾಡು ಗೊತ್ತಿರುತ್ತದೆ, ಅಲ್ವಾ?

ಇಂಥ ದಿನಗಳು ಜಾಸ್ತಿಯಾದಾಗ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಓದುವ ಅಭ್ಯಾಸವೇ ತಪ್ಪಿಹೋಯಿತು ಅನ್ನುತ್ತಾರೆ. ದಿನಕ್ಕೆ ಇಷ್ಟು ಪುಟ, ವರ್ಷಕ್ಕೆ ಇಷ್ಟು ಪುಸ್ತಕ ಅಂತ ಗುರಿ ಹಾಕಿಕೊಂಡು ಹೊಸದಾಗಿ ಶುರುಮಾಡುತ್ತಾರೆ. ನನಗೆ ಗುರಿಗಳ ಮೇಲೆ ಅಷ್ಟು ನಂಬಿಕೆಯಿಲ್ಲ. ಓದು ನಿಂತಿದೆ ಅಂದರೆ ಬಹಳ ಸಲ ಕೈಯಲ್ಲಿರುವ ಪುಸ್ತಕ ಸರಿಯಿಲ್ಲ ಅಂತಲೇ ಅರ್ಥ. ಸರಿಯಾದದ್ದು ಸಿಕ್ಕರೆ ಅದೇ ಮನುಷ್ಯ ಕರೆದರೂ ಓಗೊಡುವುದಿಲ್ಲ. ಹಾಗಾಗಿ ಕಷ್ಟದ ಕೆಲಸ ಇರುವುದು ಓದುವುದರಲ್ಲಲ್ಲ, ಹುಡುಕುವುದರಲ್ಲಿ.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಜಗತ್ತಿನಲ್ಲಿ ಒಟ್ಟು ಎಷ್ಟು ಪುಸ್ತಕಗಳಿವೆ ಎಂದು 2010ರಲ್ಲಿ ಗೂಗಲ್‌ನವರು ಎಣಿಸಲು ಹೊರಟಿದ್ದರು. ಗ್ರಂಥಾಲಯಗಳ ಪಟ್ಟಿಗಳನ್ನೆಲ್ಲ ಸೇರಿಸಿ, ಎರಡೆರಡು ಸಲ ಬಂದದ್ದನ್ನು ತೆಗೆದುಹಾಕಿ, ಕೊನೆಗೆ ಅವರು ಕೊಟ್ಟ ಅಂಕಿ 12,98,64,880. ಆಮೇಲೆ ಅಚ್ಚಾದದ್ದು ಇದರಲ್ಲಿ ಸೇರಿಲ್ಲ. ಇನ್ನು ಓದುವವರ ಕಡೆ ನೋಡಿದರೆ, ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಗ್ಲಿಷ್ ಓದುವ ದೊಡ್ಡವರು ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲೇ ಓದಿಕೊಳ್ಳುವಾಗ ನಿಮಿಷಕ್ಕೆ ಸರಾಸರಿ 238 ಪದ ಓದುತ್ತಾರಂತೆ. ಕಥೆ ಕಾದಂಬರಿಯಾದರೆ 260. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡಿರುವುದರಿಂದ ಈ ಅಂಕಿಯನ್ನು ನಮ್ಮ ಓದಿಗೆ ಹಾಗೇ ಹಚ್ಚುವಂತಿಲ್ಲ. ಅಂದಾಜಿಗೆ ಸಾಕು.

80,000 ಪದಗಳ ಒಂದು ಪುಸ್ತಕ ಇದೆ ಅಂದುಕೊಳ್ಳಿ. ನಿಮಿಷಕ್ಕೆ 238 ಪದದ ವೇಗದಲ್ಲಿ ಅದಕ್ಕೆ ಸುಮಾರು ಐದೂವರೆ ಗಂಟೆ ಬೇಕು. ದಿನಕ್ಕೆ 20 ನಿಮಿಷ ಓದಿದರೆ 17 ದಿನ. ವರ್ಷಕ್ಕೆ 21 ಪುಸ್ತಕ. ಒಂದು ದಿನವೂ ತಪ್ಪಿಸದೆ 40 ವರ್ಷ ಓದಿದರೆ 850ರ ಆಸುಪಾಸು. ಹದಿಮೂರು ಕೋಟಿಯಲ್ಲಿ 850.

ಈ ಲೆಕ್ಕ ಕೆಲವರಿಗೆ ಬೇಜಾರು ತರಿಸುತ್ತದೆ. ನನಗೆ ಸಮಾಧಾನ ತಂದಿತು. ಎಲ್ಲರೂ ಓದಿರುವುದನ್ನು ನಾನು ಓದಿಲ್ಲವಲ್ಲ ಎಂಬ ಚಿಂತೆಯೇ ಹೋಯಿತು. ಯಾರೂ ಎಲ್ಲವನ್ನೂ ಓದಿಲ್ಲ, ಓದುವ ಹಾಗೂ ಇಲ್ಲ. ಇನ್ನೊಂದು ಲಾಭವೂ ಆಯಿತು. ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಧೈರ್ಯ ಬಂತು.

ಅರ್ಧಕ್ಕೆ ಬಿಡುವುದರ ಬಗ್ಗೆ ನಮ್ಮಲ್ಲಿ ಸುಮ್ನೆ ಒಂದು ಅಪರಾಧ ಭಾವ ಇದೆ. ಪಠ್ಯಪುಸ್ತಕ ಓದಿ ಬೆಳೆದವರಲ್ಲವೇ ನಾವು, ಮೊದಲಿನಿಂದ ಕೊನೆಯವರೆಗೆ ಓದಿದರೇ ಓದು ಅಂತ ತಲೆಯಲ್ಲಿ ಕೂತಿದೆ. ಫ್ರೆಂಚ್ ಲೇಖಕ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳು ಅಂತ ಒಂದು ಪಟ್ಟಿ ಮಾಡಿದರು. ಅದರಲ್ಲಿ ಮೊದಲನೆಯದು ಓದದೇ ಇರುವ ಹಕ್ಕು. ಎರಡನೆಯದು ಪುಟ ಹಾರಿಸುವ ಹಕ್ಕು. ಮೂರನೆಯದು ಪೂರ್ತಿ ಓದದೆ ಬಿಡುವ ಹಕ್ಕು. ಶಾಲೆಯಲ್ಲಿ ಪಾಠ ಹೇಳಿದ ಮನುಷ್ಯನೇ ಬರೆದ ಪಟ್ಟಿ ಇದು, ಅದಕ್ಕೇ ಇನ್ನೂ ಖುಷಿ.

ಎಷ್ಟು ಪುಟ ಓದಿ ಬಿಡಬೇಕು ಎಂಬುದಕ್ಕೂ ಒಂದು ಸೂತ್ರ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಹೇಳಿದ್ದು. ನಿಮಗೆ ಐವತ್ತು ಅಥವಾ ಅದಕ್ಕಿಂತ ಕಡಿಮೆ ವಯಸ್ಸಾಗಿದ್ದರೆ 50 ಪುಟ ಓದಿ ನೋಡಿ. ಐವತ್ತು ದಾಟಿದ್ದರೆ ನೂರರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತರವರಿಗೆ 30 ಪುಟ. ನೂರು ತುಂಬಿದವರು ರಕ್ಷಾಪುಟ ನೋಡಿಯೇ ತೀರ್ಮಾನ ಮಾಡಬಹುದು. ಉಳಿದಿರುವ ಸಮಯ ಕಡಿಮೆಯಾದಷ್ಟೂ ತಾಳ್ಮೆಯೂ ಕಡಿಮೆ ಇರಲಿ ಎನ್ನುವ ಲೆಕ್ಕಾಚಾರ.

ಸೂತ್ರ ಚಂದ ಇದೆ. ಆದರೆ ನಾನು ಪುಟ ಎಣಿಸುವುದಿಲ್ಲ. ಕೆಲವು ಪುಸ್ತಕಗಳು ಮೊದಲ ನೂರು ಪುಟ ಸತಾಯಿಸುತ್ತವೆ, ಆಮೇಲೆ ಬಿಡುವುದೇ ಇಲ್ಲ. ಕಷ್ಟವಾಗುವ ಪುಸ್ತಕ ಬೇರೆ, ಬೇಜಾರಾಗುವ ಪುಸ್ತಕ ಬೇರೆ. ಓದುತ್ತಿರುವಾಗ ಎರಡೂ ಒಂದೇ ಥರ ಅನ್ನಿಸುತ್ತವೆ, ಕಣ್ಣು ಜಾರುತ್ತದೆ, ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತೇವೆ. ವ್ಯತ್ಯಾಸ ಗೊತ್ತಾಗುವುದು ಪುಸ್ತಕ ಮುಚ್ಚಿಟ್ಟ ಮೇಲೆ. ಬೇರೆ ಕೆಲಸ ಮಾಡುವಾಗ ಅದರ ಯಾವುದಾದರೂ ಮಾತು, ಮುಖ, ವಾದ ನೆನಪಿಗೆ ಬಂತು ಅಂದರೆ ಅದು ಕಷ್ಟದ ಪುಸ್ತಕ. ಅದಕ್ಕೆ ಇನ್ನಷ್ಟು ಸಮಯ ಕೊಡಬೇಕು. ಎರಡು ದಿನ ಕಳೆದರೂ ಒಂದು ಸಲವೂ ನೆನಪಾಗಲಿಲ್ಲವೋ, ಮುಲಾಜಿಲ್ಲದೆ ಬಿಡುತ್ತೇನೆ.

ಸರಿ, ಬಿಟ್ಟಿದ್ದಾಯಿತು. ಮುಂದಿನದು ಎಲ್ಲಿಂದ?

ಇಲ್ಲೇ ಬಹಳ ಜನ ತಪ್ಪು ಪ್ರಶ್ನೆ ಹಿಡಿದು ಹೊರಡುತ್ತಾರೆ ಅಂತ ನನ್ನ ಅನಿಸಿಕೆ. 'ಯಾವ ಪುಸ್ತಕ ಚೆನ್ನಾಗಿದೆ?' ಅಂತ ಹುಡುಕುತ್ತಾರೆ. ಚೆನ್ನಾಗಿರುವ ಪುಸ್ತಕಗಳು ಲಕ್ಷಗಟ್ಟಲೆ ಇವೆ. ಕೇಳಿಕೊಳ್ಳಬೇಕಾದದ್ದು 'ಹಿಂದಿನ ಪುಸ್ತಕ ನನಗೆ ಯಾಕೆ ಹಿಡಿಸಿತು?' ಅಂತ. ಇದಕ್ಕೆ ಉತ್ತರ ಹೇಳುವುದು ಅಂದುಕೊಂಡಷ್ಟು ಸುಲಭ ಅಲ್ಲ. 'ಚೆನ್ನಾಗಿತ್ತು, ಅದಕ್ಕೆ' ಅಂತಲೇ ಮೊದಲು ಬಾಯಿಗೆ ಬರುತ್ತದೆ.

ಇದಕ್ಕೂ ನ್ಯಾನ್ಸಿ ಪರ್ಲ್ ಹತ್ತಿರವೇ ಒಂದು ಉಪಾಯ ಇದೆ. ಒಂದು ಪುಸ್ತಕದೊಳಗೆ ಹೋಗಲು ನಾಲ್ಕು ಬಾಗಿಲುಗಳು ಎನ್ನುತ್ತಾರೆ ಅವರು. ಕಥೆ, ಪಾತ್ರ, ಆವರಣ, ಭಾಷೆ. ಎಲ್ಲ ಪುಸ್ತಕಕ್ಕೂ ನಾಲ್ಕೂ ಬಾಗಿಲು ಇರುತ್ತವೆ, ಆದರೆ ಒಂದೊಂದರಲ್ಲಿ ಒಂದೊಂದು ದೊಡ್ಡದು. ಪುಟ ಮಗುಚುತ್ತಲೇ ಇರಬೇಕು ಅನ್ನಿಸಿತೇ? ಹಾಗಿದ್ದರೆ ನೀವು ಕಥೆಯ ಬಾಗಿಲಿನಿಂದ ಹೋದವರು. ಪುಸ್ತಕ ಮುಗಿದಾಗ ಒಬ್ಬರು ಬಿಟ್ಟುಹೋದ ಹಾಗೆ ಬೇಸರವಾಯಿತೇ? ಅದು ಪಾತ್ರ. ಆ ಜಾಗದಲ್ಲಿ ಓಡಾಡಿ ಬಂದ ಹಾಗಿತ್ತೇ? ಆವರಣ. ಒಂದೊಂದು ವಾಕ್ಯವನ್ನೂ ನಿಧಾನವಾಗಿ ಓದಿದಿರಾ, ಪಕ್ಕದಲ್ಲಿದ್ದವರಿಗೆ ಜೋರಾಗಿ ಓದಿ ಹೇಳಿದಿರಾ? ಭಾಷೆ.

ಜೊಯ್ಸ್ ಸಾರಿಕ್ಸ್ ಎಂಬ ಇನ್ನೊಬ್ಬ ಗ್ರಂಥಪಾಲಕಿ ತಮ್ಮ ಸಹೋದ್ಯೋಗಿಯ ಜೊತೆ 1989ರಲ್ಲೇ ಇಂಥದ್ದೇ ವಿಂಗಡಣೆ ಮಾಡಿದ್ದರು. ಅವರ ಪಟ್ಟಿಯಲ್ಲಿ 'ಓಟ' ಅನ್ನುವುದೂ ಇದೆ, ಅಂದರೆ ಪುಸ್ತಕ ಎಷ್ಟು ಬೇಗ ಅಥವಾ ನಿಧಾನ ಸಾಗುತ್ತದೆ ಎಂಬುದು. ಇದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ವಿಷಯ ಒಂದೇ ಆಗಿದ್ದರೂ ಓಟ ಬೇರೆಯಾದರೆ ಓದುವ ಅನುಭವವೇ ಬೇರೆ. ಪತ್ತೇದಾರಿ ಕಥೆ ಇಷ್ಟ ಅಂತ ಹೇಳುವ ಇಬ್ಬರಲ್ಲಿ ಒಬ್ಬರಿಗೆ ಇಷ್ಟವಾದದ್ದು ಬೆನ್ನಟ್ಟುವಿಕೆ, ಇನ್ನೊಬ್ಬರಿಗೆ ಆ ಸಾವು ನಡೆದ ಮನೆಯವರ ಮೌನ. ಇಬ್ಬರಿಗೂ ಒಂದೇ ಪುಸ್ತಕ ಕೊಟ್ಟರೆ ಒಬ್ಬರು ಬೈಯುವುದು ಖಚಿತ.

ನನ್ನದೇ ಉದಾಹರಣೆ ಹೇಳುತ್ತೇನೆ. ಹಡಗಿನ ಮೇಲೆ ನಡೆಯುವ ಒಂದು ದೊಡ್ಡ ಕಾದಂಬರಿ ಓದಿ ಮರುಳಾಗಿದ್ದೆ. ಸಮುದ್ರದ ಕಥೆ ಇಷ್ಟವಾಯಿತು ಅಂದುಕೊಂಡು ಇನ್ನೆರಡು ಸಮುದ್ರದ ಕಾದಂಬರಿ ತಂದೆ. ಎರಡೂ ಹತ್ತಲಿಲ್ಲ. ಬಿರುಗಾಳಿ, ದಂಗೆ, ಕುಡುಕ ನಾವಿಕರು, ಎಲ್ಲ ಇದ್ದವು. ಆಮೇಲೆ ಮೊದಲನೆಯದನ್ನು ಮತ್ತೆ ತೆಗೆದು ನಾನು ಪೆನ್ಸಿಲ್ ಗೆರೆ ಎಳೆದಿದ್ದ ಜಾಗಗಳನ್ನು ಮಾತ್ರ ನೋಡಿದೆ. ಎಲ್ಲ ಗೆರೆಗಳೂ ಒಂದೇ ಕಡೆ ಇದ್ದವು. ಹಡಗು ಎಲ್ಲಿದೆ ಎಂದು ಕ್ಯಾಪ್ಟನ್ ಲೆಕ್ಕ ಹಾಕುವ ಭಾಗಗಳು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವತ್ತು ಬರೆದ ಸಾಲು ಹೀಗಿದೆ: 'ಬೇಕಾಗಿದ್ದದ್ದು ಸಮುದ್ರ ಅಲ್ಲ. ಎಲ್ಲಿದ್ದೇವೆ ಅಂತ ಗೊತ್ತಿಲ್ಲದವರ ಲೆಕ್ಕ.'

ಅಲ್ಲಿಂದ ದಾರಿ ಸಲೀಸಾಯಿತು. ಆ ಕಾದಂಬರಿಯ ಕೊನೆಗೆ ಲೇಖಕರು ತಾವು ನೋಡಿದ ಪುಸ್ತಕಗಳ ಹೆಸರು ಕೊಟ್ಟಿದ್ದರು. ಅದರಲ್ಲೊಂದು ರೇಖಾಂಶ ಕಂಡುಹಿಡಿಯುವುದರ ಇತಿಹಾಸ. ನಡುಕಡಲಲ್ಲಿ ಅಕ್ಷಾಂಶವನ್ನು ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ ಹೇಳಬಹುದು. ರೇಖಾಂಶ ಹಾಗಲ್ಲ. ಅದಕ್ಕೆ ಹೊರಟ ಬಂದರಿನಲ್ಲಿ ಈಗ ಗಂಟೆ ಎಷ್ಟು ಎಂದು ಗೊತ್ತಿರಬೇಕು. ಹಡಗಿನ ಓಲಾಟದಲ್ಲೂ ಆ ಹೊತ್ತನ್ನು ತಪ್ಪದೆ ತೋರಿಸುವ ಗಡಿಯಾರ ಆಗ ಇರಲಿಲ್ಲ. ಬ್ರಿಟನ್ನಿನ ಸಂಸತ್ತು 1714ರಲ್ಲಿ ಇದಕ್ಕೆ 20,000 ಪೌಂಡ್ ಬಹುಮಾನ ಇಟ್ಟಿತು. ಬಡಗಿ ಕೆಲಸ ಕಲಿತಿದ್ದ ಜಾನ್ ಹ್ಯಾರಿಸನ್ ಜೀವಮಾನವೆಲ್ಲ ಗಡಿಯಾರ ಮಾಡುತ್ತ ಕೂತ. ಅವನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ ಹೋಗಿ, 81 ದಿನಗಳಲ್ಲಿ ಬರೀ ಐದು ಸೆಕೆಂಡು ಹಿಂದೆ ಬಿದ್ದಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಪುಸ್ತಕದ ಅಡಿಟಿಪ್ಪಣಿಯಿಂದ ಗಡಿಯಾರ ಮಾಡುವವರ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಅದರಿಂದ ರೈಲುಗಳಿಗೆ ಹೋದೆ. ರೈಲು ಬರುವವರೆಗೆ ಒಂದೊಂದು ಊರಿಗೆ ಒಂದೊಂದು ಸಮಯ ಇತ್ತು. ವೇಳಾಪಟ್ಟಿ ಮಾಡಬೇಕಾದಾಗ ಎಲ್ಲರಿಗೂ ಒಂದೇ ಗಡಿಯಾರ ಬೇಕಾಯಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ದೇಶಗಳು ಕೂತು ಗ್ರೀನಿಚ್ ರೇಖೆಯನ್ನು ಸೊನ್ನೆ ಅಂತ ಒಪ್ಪಿಕೊಂಡವು. ಫ್ರಾನ್ಸ್ ಮತ ಹಾಕಲಿಲ್ಲ. ಆ ಮುನಿಸಿನ ಕಥೆಗೇ ಇನ್ನೊಂದು ಪುಸ್ತಕ ಬೇಕು.

ಕಾದಂಬರಿಯಿಂದ ರೈಲಿನವರೆಗೆ ಬಂದ ಈ ದಾರಿಯನ್ನು ಗ್ರಂಥಾಲಯದ ಕಪಾಟಿನ ಮೇಲೆ ಇಟ್ಟು ನೋಡಿದರೆ ತಮಾಷೆಯಾಗಿದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸಲು ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ ದಶಮಾಂಶ ಪದ್ಧತಿಯಲ್ಲಿ ಕಾದಂಬರಿ 800ರ ಸಾಲಿನಲ್ಲಿ ಕೂರುತ್ತದೆ. ರೇಖಾಂಶ 526. ಗಡಿಯಾರ ತಯಾರಿಕೆ 681. ರೈಲು ಸಾರಿಗೆ 385. ನಾಲ್ಕೂ ನಾಲ್ಕು ಮೂಲೆಯಲ್ಲಿ. ಕಪಾಟಿನ ಪಕ್ಕದ ಪುಸ್ತಕ ನೋಡುತ್ತ ಹೋಗಿದ್ದರೆ ಇವು ಒಂದಕ್ಕೊಂದು ಎಂದೂ ಸಿಗುತ್ತಿರಲಿಲ್ಲ. ಒಂದು ಪುಸ್ತಕ ಇನ್ನೊಂದನ್ನು ಕೈಹಿಡಿದು ಕರೆದುಕೊಂಡು ಬಂದದ್ದಕ್ಕೆ ಸಿಕ್ಕವು.

ಹಾಗಾಗಿ ಈಗ ಯಾವ ಪುಸ್ತಕ ಮುಗಿಸಿದರೂ ಹಿಂದಿನ ಪುಟಗಳನ್ನು ಬಿಡುವುದಿಲ್ಲ. ಗ್ರಂಥಋಣ, ಅಡಿಟಿಪ್ಪಣಿ, ಕೃತಜ್ಞತೆ, ಮುನ್ನುಡಿ ಬರೆದವರ ಹೆಸರು, ಎಲ್ಲ ನೋಡುತ್ತೇನೆ. ಲೇಖಕರು ಸಿಟ್ಟಿನಿಂದ ತಿರಸ್ಕರಿಸಿದ ಪುಸ್ತಕಗಳ ಮೇಲೆ ನನಗೆ ವಿಶೇಷ ಪ್ರೀತಿ. ಅರ್ಧ ಪುಟ ಬೈದಿದ್ದಾರೆ ಅಂದರೆ ಆ ಪುಸ್ತಕದಲ್ಲಿ ಏನೋ ಇದೆ ಅಂತಲೇ ಅರ್ಥ.

ಅನುವಾದವಾದರೆ ಅನುವಾದಕರ ಹೆಸರನ್ನೂ ಬರೆದಿಟ್ಟುಕೊಳ್ಳುತ್ತೇನೆ. ಇದು ಬಹಳ ಜನ ಮಾಡುವುದಿಲ್ಲ. ಗೊತ್ತಿಲ್ಲದ ಭಾಷೆಯ ಸಾಹಿತ್ಯದಲ್ಲಿ ನಮಗೆ ದಿಕ್ಕು ತೋರಿಸುವವರು ಅವರೇ. ಒಳ್ಳೆಯ ಅನುವಾದಕರು ಎಷ್ಟೋ ಪುಸ್ತಕ ಓದಿ, ಅದರಲ್ಲಿ ಒಂದನ್ನು ಆರಿಸಿ, ಅದಕ್ಕೆ ತಿಂಗಳುಗಟ್ಟಲೆ ಜೀವ ತೇದಿರುತ್ತಾರೆ. ಅವರ ಆಯ್ಕೆಗಿಂತ ದೊಡ್ಡ ಶಿಫಾರಸು ಯಾವುದಿದೆ? 2016ರಿಂದ ಇಂಟರ್‌ನ್ಯಾಷನಲ್ ಬೂಕರ್ ಬಹುಮಾನದ ಹಣವನ್ನು ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅದನ್ನು ಹಂಚಿಕೊಂಡದ್ದು ನಮಗೆಲ್ಲ ನೆನಪಿದೆ. ಅಂದಹಾಗೆ, ಬಹುಮಾನಗಳ ವಿಷಯದಲ್ಲಿ ಗೆದ್ದ ಪುಸ್ತಕಕ್ಕಿಂತ ಮೊದಲ ಸುತ್ತಿನ ಉದ್ದ ಪಟ್ಟಿ ನನಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಗೆದ್ದದ್ದು ಐದಾರು ತೀರ್ಪುಗಾರರು ರಾಜಿಯಾದ ಪುಸ್ತಕ. ಉದ್ದ ಪಟ್ಟಿಯಲ್ಲಿ ಒಬ್ಬೊಬ್ಬರ ಹಟದ ಆಯ್ಕೆಗಳು ಉಳಿದಿರುತ್ತವೆ ಅಂತ ನನ್ನ ಗುಮಾನಿ.

ಇನ್ನು ಕಂಪ್ಯೂಟರ್ ಕೊಡುವ ಸಲಹೆಗಳು. 'ಇದನ್ನು ಕೊಂಡವರು ಇದನ್ನೂ ಕೊಂಡಿದ್ದಾರೆ' ಅಂತ ಬರುತ್ತದಲ್ಲ, ಅದು. ಇದರ ಹಿಂದಿನ ವಿಧಾನವನ್ನು ಅಮೆಜಾನ್‌ನ ಮೂವರು ಎಂಜಿನಿಯರ್‌ಗಳು 2003ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ಅದು ನಿಮ್ಮಂಥ ಮನುಷ್ಯರನ್ನು ಹುಡುಕುವುದಿಲ್ಲ. ಒಟ್ಟೊಟ್ಟಿಗೆ ಮಾರಾಟವಾಗುವ ವಸ್ತುಗಳ ಜೋಡಿಗಳನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡಿರುತ್ತದೆ. ನೀವು ಒಂದನ್ನು ಮುಟ್ಟಿದ ತಕ್ಷಣ ಅದರ ಜೋಡಿಯನ್ನು ಮುಂದಿಡುತ್ತದೆ. ಜಾಣ ಉಪಾಯ. ಆದರೆ ಯಾಕೆ ಕೊಂಡಿರಿ ಅಂತ ಅದಕ್ಕೆ ಗೊತ್ತಿಲ್ಲ. ನನ್ನ ಹಡಗಿನ ಕಾದಂಬರಿಗೆ ಅದು ಮತ್ತಷ್ಟು ಹಡಗುಗಳನ್ನೇ ತಂದು ನಿಲ್ಲಿಸಿತು. ಜೊತೆಗೆ, ಜಾಸ್ತಿ ಮಾರಾಟವಾಗುವುದರ ಜೋಡಿಗಳೇ ಜಾಸ್ತಿ ಇರುತ್ತವೆ. ಮೂರು ಜನ ಓದಿದ ಪುಸ್ತಕ ಈ ಲೆಕ್ಕದಲ್ಲಿ ತಲೆ ಎತ್ತುವುದು ಕಷ್ಟ.

ನಕ್ಷತ್ರಗಳ ಸರಾಸರಿಯನ್ನಂತೂ ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಐದಕ್ಕೆ 3.9 ಇರುವ ಪುಸ್ತಕಕ್ಕೂ 4.1 ಇರುವುದಕ್ಕೂ ಏನು ವ್ಯತ್ಯಾಸ? ನಕ್ಷತ್ರಗಳ ಕೆಳಗೆ ಜನ ಬರೆದದ್ದನ್ನು ಮಾತ್ರ ಓದುತ್ತೇನೆ, ಅದರಲ್ಲೂ ಎರಡು ನಕ್ಷತ್ರ ಕೊಟ್ಟವರದ್ದು. ಒಂದು ಕೊಟ್ಟವರು ಸಿಟ್ಟಿನಲ್ಲಿರುತ್ತಾರೆ, ಐದು ಕೊಟ್ಟವರು ಪ್ರೀತಿಯಲ್ಲಿರುತ್ತಾರೆ. ಎರಡು ಕೊಟ್ಟವರು ಮಾತ್ರ ಪುಸ್ತಕದಲ್ಲಿ ಏನಿದೆ, ತಮಗೆ ಯಾಕೆ ಹಿಡಿಸಲಿಲ್ಲ ಅಂತ ಬಿಡಿಸಿ ಹೇಳುತ್ತಾರೆ. 'ಗಡಿಯಾರದ ಒಳಗಿನ ಚಕ್ರಗಳ ಬಗ್ಗೆ ಇಪ್ಪತ್ತು ಪುಟ ಕೊರೆದಿದ್ದಾರೆ' ಅಂತ ಒಬ್ಬರು ಬೈದಿದ್ದರೆ ನನಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಡ.

ಯಾರ ಸಲಹೆಯೂ ಬೇಡ ಅನ್ನಿಸಿದಾಗ ಗ್ರಂಥಾಲಯದ ತೆರೆದ ಕಪಾಟಿನ ಮುಂದೆ ಸುಮ್ನೆ ನಿಲ್ಲುತ್ತೇನೆ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಪುಸ್ತಕ ಇರುವುದು ಬಳಸುವುದಕ್ಕೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಸಬೇಕು. ಗ್ರಂಥಾಲಯ ಬೆಳೆಯುತ್ತಿರುವ ಜೀವಿ. ಇದರಲ್ಲಿ ಮೂರನೆಯದು ನನಗೆ ಅಚ್ಚುಮೆಚ್ಚು. ಹುಡುಕುತ್ತಿರುವುದು ನಾವು ಮಾತ್ರ ಅಂದುಕೊಂಡಿರುತ್ತೇವೆ. ಗಣಿತ ಮೇಷ್ಟರಾಗಿದ್ದ ಆ ಮನುಷ್ಯ ಪುಸ್ತಕದ ಕಡೆಯಿಂದಲೂ ಯೋಚಿಸಿದರು. ಓದುಗರು ತಾವೇ ಕಪಾಟಿಗೆ ಹೋಗಿ ಪುಸ್ತಕ ಮುಟ್ಟಿ ನೋಡುವಂತಿರಬೇಕು ಎಂದು ಅವರು ಪಟ್ಟು ಹಿಡಿದದ್ದೂ ಇದೇ ಕಾರಣಕ್ಕೆ. ಬೀಗ ಹಾಕಿದ ಬೀರುವಿನಲ್ಲಿರುವ ಪುಸ್ತಕಕ್ಕೆ ಓದುಗ ಎಲ್ಲಿಂದ ಸಿಗಬೇಕು?

ತೆರೆದ ಕಪಾಟಿಗಿಂತ ನನಗೆ ಇಷ್ಟದ ಜಾಗ ಇನ್ನೊಂದಿದೆ. ಓದಿ ವಾಪಸ್ ಕೊಟ್ಟ ಪುಸ್ತಕಗಳನ್ನು ಜೋಡಿಸುವ ಮೊದಲು ಒಂದು ತಳ್ಳುಗಾಡಿಯಲ್ಲಿ ಇಟ್ಟಿರುತ್ತಾರಲ್ಲ, ಅದು. ಅಲ್ಲಿ ಯಾವ ಕ್ರಮವೂ ಇರುವುದಿಲ್ಲ. ಜೇನು ಸಾಕಣೆಯ ಮೇಲೆ ಕವಿತೆ, ಕವಿತೆಯ ಮೇಲೆ ಯಾವುದೋ ಯುದ್ಧದ ಡೈರಿ. ಒಂದು ಮಾತ್ರ ಖಾತ್ರಿ: ಅಲ್ಲಿರುವ ಪ್ರತಿಯೊಂದನ್ನೂ ಈ ವಾರವೋ ಕಳೆದ ವಾರವೋ ಯಾರೋ ಒಬ್ಬರು ಬೇಕು ಅಂತ ಮನೆಗೆ ಒಯ್ದಿದ್ದರು. ಪುಟದ ಮೂಲೆ ಎಲ್ಲಿವರೆಗೆ ಮಡಚಿದೆ ಅಂತ ನೋಡಿದರೆ ಅವರು ಎಲ್ಲಿ ಕೈಬಿಟ್ಟರು ಎನ್ನುವುದೂ ಗೊತ್ತಾಗುತ್ತದೆ.

ಕಾಗದವೋ ಪರದೆಯೋ ಎಂಬ ಜಗಳಕ್ಕೆ ನಾನು ಹೆಚ್ಚು ಹೋಗುವುದಿಲ್ಲ. 54 ಅಧ್ಯಯನಗಳನ್ನು ಒಟ್ಟು ಸೇರಿಸಿ 2018ರಲ್ಲಿ ಬಂದ ವಿಶ್ಲೇಷಣೆಯೊಂದು ಮಾಹಿತಿ ತುಂಬಿದ ಬರಹ ಕಾಗದದಲ್ಲಿ ಓದಿದರೆ ಹೆಚ್ಚು ಅರ್ಥವಾಗುತ್ತದೆ, ಕಥೆಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ ಎಂದು ಹೇಳಿತು. ನನಗೂ ಹಾಗೇ. ಕಾದಂಬರಿ ಫೋನಿನಲ್ಲೂ ನಡೆಯುತ್ತದೆ, ಇತಿಹಾಸಕ್ಕೆ ಪುಟ ಮತ್ತು ಪೆನ್ಸಿಲ್ ಬೇಕು. ಹಳೆಯ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿಗೆ ಪುಕ್ಕಟೆ ಇ-ಪುಸ್ತಕ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ, 1971ರಿಂದ ನಡೆಯುತ್ತಿದೆ. ಅಡಿಟಿಪ್ಪಣಿಯ ದಾರಿಯಲ್ಲಿ ಹೋಗುವವರಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಹಳೆಯ ಪುಸ್ತಕಗಳು ತಮಗಿಂತ ಹಳೆಯವನ್ನೇ ತೋರಿಸುತ್ತವೆ.

ಕೊನೆಗೆ ಮನುಷ್ಯರು. 'ಒಂದು ಒಳ್ಳೆ ಪುಸ್ತಕ ಹೇಳಿ' ಅಂತ ಕೇಳಿದರೆ ಜನ ತಾವು ಮೆಚ್ಚಬೇಕು ಅಂದುಕೊಂಡ ಪುಸ್ತಕದ ಹೆಸರು ಹೇಳುತ್ತಾರೆ. ಮರ್ಯಾದೆಯ ಪ್ರಶ್ನೆ ಅದು. 'ಯಾವುದನ್ನು ಎರಡನೇ ಸಲ ಓದಿದಿರಿ?' ಅಂತ ಕೇಳಿ ನೋಡಿ. ಸ್ವಲ್ಪ ಹೊತ್ತು ಯೋಚಿಸುತ್ತಾರೆ, ಸಂಕೋಚದಿಂದ ನಗುತ್ತಾರೆ, ಆಮೇಲೆ ಬೇರೆಯದೇ ಹೆಸರು ಬರುತ್ತದೆ.

ರುಚಿ ಒಂದೇ ಇರುವ ಗೆಳೆಯರು ಬೇಕು ಅಂತೇನೂ ಇಲ್ಲ. ನನ್ನ ಒಬ್ಬ ಗೆಳತಿಯ ರುಚಿ ನನ್ನದಕ್ಕೆ ಪೂರ್ತಿ ಉಲ್ಟಾ. ಅವಳು ಕಥೆಯ ಬಾಗಿಲಿನವಳು, ಅದೂ ಓಡಿಕೊಂಡೇ ಒಳಗೆ ಹೋಗುವವಳು. ಹಾಗಾಗಿ ಅವಳ ಬೈಗುಳದಷ್ಟು ನಂಬಿಕಸ್ಥ ಶಿಫಾರಸು ನನಗೆ ಬೇರೆ ಇಲ್ಲ. ಕಳೆದ ತಿಂಗಳು ಒಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, 'ಮುನ್ನೂರು ಪುಟ ಕಣೇ, ಏನೂ ನಡೆಯೋದೇ ಇಲ್ಲ. ಒಬ್ಬ ಮುದುಕ ದೀಪಸ್ತಂಭದ ಮೆಟ್ಟಿಲು ಹತ್ತುತ್ತಾನೆ, ಇಳಿಯುತ್ತಾನೆ' ಅಂದಳು. ಅವಳು ಹೇಳಿ ಮುಗಿಸುವ ಮೊದಲೇ ನಾನು ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡಿದ್ದೆ. ಈಗ 140ನೇ ಪುಟದಲ್ಲಿದ್ದೇನೆ. ಅವಳು ಹೇಳಿದ್ದು ನಿಜ, ಇನ್ನೂ ಏನೂ ನಡೆದಿಲ್ಲ. ದೀಪಕ್ಕೆ ಎಷ್ಟು ಎಣ್ಣೆ ಹಿಡಿಯುತ್ತದೆ ಅಂತ ಮುದುಕ ಲೆಕ್ಕ ಬರೆಯುತ್ತಿದ್ದಾನೆ.